ಗೇರ್‌ಬಾಕ್ಸ್ ಬಿಸಿ ಅಳೆಯುವ ಮೀಟರ್: ಸೆನ್ಸರ್ ಸರಿಯಾಗಿ ಕೂರಿಸಿ

ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿನ ಹಿಂದೆ ಹತ್ತುವಾಗ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಚೆನ್ನಾಗಿ ಕಾಯುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿರುವ ಟೆಂಪರೇಚರ್ ಮುಳ್ಳು ಇದನ್ನು ಹೇಳುವುದಿಲ್ಲ, ಅದು ಇಂಜಿನ್ ಕೂಲಂಟ್‌ನದ್ದು. ಹಾಗಾಗಿ ಬೇರೆ ಮೀಟರ್ ಹಾಕಿಸುವವರಿದ್ದಾರೆ. ಎಷ್ಟೋ ಕಾರುಗಳಲ್ಲಿ ಅದು ತೋರಿಸುವುದು ತಪ್ಪು ಅಂಕಿ. ಕಾರಣ ಮೀಟರ್ ಅಲ್ಲ, ಸೆನ್ಸರ್ ಕೂರಿಸಿದ ರೀತಿ.

ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗಾಡಿಗೆ. ಕ್ಲಚ್, ಗೇರ್ ತಾನೇ ಬದಲಿಸುವ ಎಎಂಟಿ ಕಾರಿಗೆ ಇದು ಬೇಡ, ಅದರೊಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್. ವಾರಂಟಿ ಇನ್ನೂ ಇದ್ದರೆ ಪೈಪ್ ಮುಟ್ಟಬೇಡಿ. ಕೆಲವು ಕಾರುಗಳಲ್ಲಿ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಚುಚ್ಚಿದರೆ ಗೇರ್ ಆಯಿಲ್ ಬಿಸಿ ಮೊಬೈಲ್‌ನಲ್ಲೇ ಕಾಣುತ್ತದೆ. ಮೊದಲು ಅದನ್ನು ನೋಡಿ.

ಮೀಟರ್ ಮತ್ತು ಸೆನ್ಸರ್ ಒಂದೇ ಸೆಟ್‌ನದ್ದಾಗಿರಲಿ. ಕಾರಿಗೆ ಹಾಕುವ ಮೊದಲು ಎರಡನ್ನೂ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಸೆನ್ಸರ್ ತುದಿಯನ್ನು ಕುದಿಯುವ ನೀರಿಗೆ ಇಳಿಸಿ. ಮಂಗಳೂರಿನಲ್ಲಿ 100 ಡಿಗ್ರಿ ಹತ್ತಿರ ತೋರಿಸಬೇಕು. ಬೆಂಗಳೂರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಹತ್ತು ಡಿಗ್ರಿ ಆಚೀಚೆ ತೋರಿಸುವ ಅಗ್ಗದ ಮೀಟರ್ ಇದ್ದರೆ ವಾಪಸ್ ಕೊಟ್ಟುಬಿಡಿ.

ಈಗ ಮುಖ್ಯ ಕೆಲಸ. ಗೇರ್‌ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್‌ಗೆ ತೂತು ಕೊರೆಯುವವರಿದ್ದಾರೆ. ಅದಕ್ಕೆ ಪ್ಯಾನ್ ಬಿಚ್ಚಿ ಸೆನ್ಸರ್ ಕೂರುವ ನಟ್ ವೆಲ್ಡ್ ಮಾಡಿಸಬೇಕು, ಒಳಗಿನ ಫಿಲ್ಟರ್‌ಗೆ ಸೆನ್ಸರ್ ತಾಗಬಾರದು, ಲೋಹದ ಪುಡಿ ಒಂದಿಷ್ಟೂ ಉಳಿಯಬಾರದು. ಮನೆಯಲ್ಲಿ ಮಾಡುವವರು ಕೂಲರ್ ಲೈನ್‌ನಲ್ಲಿ, ಅಂದರೆ ಆಯಿಲ್ ತಣಿಸಲು ಒಯ್ಯುವ ಪೈಪ್‌ನಲ್ಲಿ, ಟೀ ಫಿಟ್ಟಿಂಗ್ (T ಆಕಾರದ ಜೋಡಣೆ) ಹಾಕುವುದೇ ವಾಸಿ.

ಗೇರ್‌ಬಾಕ್ಸ್‌ನಿಂದ ಕೂಲರ್‌ಗೆ ಎರಡು ಪೈಪ್ ಇರುತ್ತವೆ. ನಿಮಗೆ ಬೇಕಿರುವುದು ಬಿಸಿ ಆಯಿಲ್ ಹೊರಗೆ ಒಯ್ಯುವುದು. ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎರಡನ್ನೂ ನೋಡುತ್ತಿರಿ. ಮೊದಲು ಬಿಸಿಯಾಗುವುದೇ ಆ ಪೈಪ್. ಮರಳಿ ಬರುವ ಪೈಪ್‌ಗೆ ಸೆನ್ಸರ್ ಹಾಕಿದರೆ ತಣಿದ ಆಯಿಲ್‌ನ ಅಂಕಿ ನೋಡಿ ಸಮಾಧಾನಪಡುತ್ತೀರಿ.

ಆ ಲೈನ್‌ನಲ್ಲಿ ರಬ್ಬರ್ ಹೋಸ್ ಇರುವ ಭಾಗದಲ್ಲೇ ಟೀ ಹಾಕಿ, ಒಳಗಿನ ದಾರಿ ಕಿರಿದಾಗಬಾರದು. ಲೋಹದ ಪೈಪ್ ಕತ್ತರಿಸಲೇಬೇಕಾದರೆ ಪೈಪ್ ಕಟರ್ ಬಳಸಿ. ಹ್ಯಾಕ್ಸಾ ಬೇಡವೇ ಬೇಡ, ಅದರ ಪುಡಿ ನೇರ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಕತ್ತರಿಸಿದ ತುದಿಗೆ ಸಣ್ಣ ಉಬ್ಬು ಮಾಡಿಸಿ, ಇಲ್ಲದಿದ್ದರೆ ಹೋಸ್ ಜಾರುತ್ತದೆ. ರೇಡಿಯೇಟರ್ ಹೋಸ್ ತುಂಡು ಬಳಸಬೇಡಿ, ಬಿಸಿ ಆಯಿಲ್‌ಗೆ ಅದು ಮೆತ್ತಗಾಗುತ್ತದೆ.

ಬಹಳ ಜನ ಎಡವುವುದು ಅರ್ತ್‌ನಲ್ಲಿ, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ದಾರಿಯಲ್ಲಿ. ಒಂದೇ ವೈರ್ ಇರುವ ಸೆನ್ಸರ್‌ಗೆ ಅದರ ಮೈಯೇ ಅರ್ತ್. ಟೀ ಎರಡೂ ಕಡೆ ರಬ್ಬರ್ ಹೋಸ್‌ಗೆ ಸೇರಿದ್ದರೆ ಅದಕ್ಕೆ ಅರ್ತ್ ಸಿಗುವುದೆಲ್ಲಿಂದ? ಸಾಮಾನ್ಯ ಸೆನ್ಸರ್‌ನಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್ (ಕರೆಂಟ್‌ಗೆ ಇರುವ ತಡೆ) ಇಳಿಯುತ್ತದೆ. ಅರ್ತ್ ಸಡಿಲವಾದರೆ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಆಗ ಮೀಟರ್ ನಿಜಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಆಯಿಲ್ ಸುಡುತ್ತಿದ್ದರೂ ಮುಳ್ಳು ಏರುವುದಿಲ್ಲ. ಆದ್ದರಿಂದ ಟೀ ಮೈಗೆ ಕ್ಲಾಂಪ್ ಹಾಕಿ, ಅಲ್ಲಿಂದ ಕಾರಿನ ಬಾಡಿಯವರೆಗೆ ಒಂದು ವೈರ್ ಎಳೆಯಿರಿ. ಬಾಡಿಯ ಪೇಂಟ್ ಕೆರೆದು ಬೋಲ್ಟ್ ಬಿಗಿ ಮಾಡಿ. ಸೆನ್ಸರ್ ಮೈಯಿಂದ ಬ್ಯಾಟರಿ ಮೈನಸ್‌ಗೆ ಮಲ್ಟಿಮೀಟರ್ ಹಿಡಿದರೆ ರೆಸಿಸ್ಟೆನ್ಸ್ ಸೊನ್ನೆ ಹತ್ತಿರ ಬರಬೇಕು. ಇದೇ ಕಾರಣಕ್ಕೆ ಸೆನ್ಸರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಹಾಕಬೇಡಿ. ಆಯಿಲ್ ತಡೆಯುವ ಥ್ರೆಡ್ ಸೀಲಂಟ್ ತೆಳುವಾಗಿ ಹಚ್ಚಿದರೆ ಸಾಕು. ಥ್ರೆಡ್ ತುದಿಯತ್ತ ಸಣ್ಣಗಾಗುತ್ತ ಹೋಗಿರುತ್ತದೆ, ಜಾಸ್ತಿ ಬಿಗಿದರೆ ಟೀ ಸೀಳುತ್ತದೆ.

ವೈರಿಂಗ್ ಸುಲಭ. ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ನಿಂದ, ಸಣ್ಣ ಫ್ಯೂಸ್ ಹಾಕಿ, ಮೀಟರ್‌ಗೆ ತನ್ನಿ. ಇಂಜಿನ್ ಕಡೆಯಿಂದ ಒಳಗೆ ಬರುವ ವೈರ್‌ಗೆ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ಬಳೆ) ಇರಲಿ.

ಗೇರ್ ಆಯಿಲ್ ಸೋರಿ ಹೋದಷ್ಟನ್ನು ಕಾರಿನ ಮ್ಯಾನುಯಲ್ ಪುಸ್ತಕ ಹೇಳಿದ ಗ್ರೇಡ್‌ನಿಂದಲೇ ತುಂಬಿ, ಮಟ್ಟ ಅದು ಹೇಳಿದ ಬಿಸಿಯಲ್ಲೇ ನೋಡಿ. ಪ್ಯಾನ್‌ನಲ್ಲಿ ಆಯಿಲ್ ಬಿಸಿ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಇರುತ್ತದೆ, ಕನ್ವರ್ಟರ್‌ನಿಂದ ಬರುವ ಲೈನ್‌ನಲ್ಲಿ ಅದಕ್ಕಿಂತ ಜಾಸ್ತಿ ಏರಿಳಿತ ಕಾಣುತ್ತದೆ, ಗಾಬರಿ ಬೇಡ. 120 ದಾಟಿ ನಿಂತರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಆಫ್ ಮಾಡಬೇಡಿ, ಆಯಿಲ್ ಕೂಲರ್‌ನಲ್ಲಿ ಹರಿಯುತ್ತಿರಲಿ.