ಹಿತ್ತಲಲ್ಲಿ ರಾಗಿ: ಒಂದು ಚಮಚ ಬೀಜದಿಂದ ಶುರು ಮಾಡಿ

ಮನೆ ಹಿಂದೆ ಬದನೆ, ಟೊಮೆಟೊ, ಸೊಪ್ಪು ಬೆಳೆಯುವವರು ತುಂಬ ಜನ ಇದ್ದಾರೆ. ಕಾಳು ಬೆಳೆಯುವವರು ಕಡಿಮೆ. ಅದಕ್ಕೆ ಹೊಲವೇ ಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಹತ್ತಡಿಗೆ ಹತ್ತಡಿ ಜಾಗ ಇದ್ದು, ದಿನಕ್ಕೆ ಆರು ಗಂಟೆ ಬಿಸಿಲು ಬಿದ್ದರೆ ರಾಗಿ ಬರುತ್ತದೆ.

ಆದರೆ ಯಾವ ಕಾಳು ಹಾಕಬೇಕು ಅಂತ ತೀರ್ಮಾನಿಸುವ ಮುಂಚೆ ಕೊಯ್ಲಾದ ಮೇಲಿನ ಕೆಲಸ ಯೋಚಿಸಿ. ನಾನು ಮೊದಲ ವರ್ಷ ನವಣೆ ಹಾಕಿದ್ದೆ. ತೆನೆ ಚೆನ್ನಾಗಿಯೇ ಬಂತು. ಹೊಟ್ಟು ಬಿಡಿಸುವುದಕ್ಕೆ ಮಾತ್ರ ಆಗಲಿಲ್ಲ: ಮಿಕ್ಸಿಗೆ ಹಾಕಿದರೆ ನುಚ್ಚಾಯಿತು, ಮನೆಯಲ್ಲಿ ಒನಕೆ ಇಲ್ಲ, ಎರಡು ಕೆಜಿ ಕಾಳಿಗೋಸ್ಕರ ಮಿಲ್ಲಿನವರು ಯಂತ್ರ ಓಡಿಸುವುದಿಲ್ಲ. ಸಾಮೆ, ಹಾರಕ, ಊದಲು ಎಲ್ಲದರದ್ದೂ ಇದೇ ಕಥೆ, ಕಾಳಿನ ಮೇಲೆ ಗಟ್ಟಿ ಹೊಟ್ಟು. ರಾಗಿಗೆ ಅದಿಲ್ಲ. ಬಡಿದು ತೂರಿದರೆ ಬೀಸುವುದಕ್ಕೆ ಸಿದ್ಧ. ಸಜ್ಜೆಯೂ ಹಾಗೆಯೇ, ಆದರೆ ಅದನ್ನು ಹಕ್ಕಿಗಳಿಂದ ಕಾಯುವುದು ಊರೊಳಗೆ ಬಹಳ ಕಷ್ಟ. ಅದಕ್ಕೇ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ರಾಗಿ.

ಎಷ್ಟು ಸಿಗುತ್ತದೆ? ಎಕರೆಗೆ 12 ಕ್ವಿಂಟಲ್ ಲೆಕ್ಕ ಹಿಡಿದರೆ 100 ಚದರ ಅಡಿಗೆ ಎರಡೂಮುಕ್ಕಾಲು ಕೆಜಿ. ವರ್ಷದ ಮುದ್ದೆಗೆ ಸಾಲದು, ನಿಜ. ಆದರೂ ಒಂದು ಸಲ ಬೆಳೆದು ನೋಡಿ.

ಬೀಜವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಗೊತ್ತಿರುವ ರೈತರ ಹತ್ತಿರ ಒಂದು ಹಿಡಿ ಕೇಳಿ. ಎಂಎಲ್-365 ಅನ್ನುವ ರಾಗಿ ತಳಿ ಸುಮಾರು 110 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಜಿಪಿಯು-28 ತಳಿ ಕೂಡ ಹೆಚ್ಚುಕಡಿಮೆ ಅಷ್ಟೇ ಅವಧಿ, ಎಲೆ ಮತ್ತು ತೆನೆಗೆ ಬರುವ ಬೆಂಕಿ ರೋಗವನ್ನು ಚೆನ್ನಾಗಿ ತಡೆಯುತ್ತದೆ. ಸ್ವಲ್ಪ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರುತ್ತಾ ನೋಡಿಕೊಳ್ಳಿ. ಒಂದು ಗ್ರಾಂನಲ್ಲೇ ಮುನ್ನೂರಕ್ಕೂ ಜಾಸ್ತಿ ಕಾಳು ಇರುತ್ತದೆ, ಹಾಗಾಗಿ ಈ ಜಾಗಕ್ಕೆ ಒಂದು ಚಮಚ ಧಾರಾಳವಾಯಿತು.

ಸುಮ್ನೆ ಎರಚಬೇಡಿ. ಎರಚಿದರೆ ಕಳೆ ಯಾವುದು, ರಾಗಿ ಯಾವುದು ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ರಾಗಿಯ ಜಾತಿಯದೇ ಒಂದು ಕಾಡು ಹುಲ್ಲು ನೋಡುವುದಕ್ಕೆ ಹಾಗೇ ಇರುತ್ತದೆ. ಜೂನ್ ಕೊನೆ ಅಥವಾ ಜುಲೈನಲ್ಲಿ ಒಂದು ಅಗಲ ಕುಂಡದಲ್ಲೋ ಹಣ್ಣಿನ ಟ್ರೇಯಲ್ಲೋ ಮಣ್ಣು, ಗೊಬ್ಬರ ತುಂಬಿ ಒಟ್ಲು ಹಾಕಿ, ಅಂದರೆ ನಾಟಿಗೆ ಬೇಕಾದ ಸಸಿ ಬೆಳೆಸಿಕೊಳ್ಳಿ. ಬೀಜದ ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು, ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. 21ರಿಂದ 25 ದಿನಕ್ಕೆ ಪೈರು ನಾಟಿಗೆ ಬರುತ್ತದೆ.

ಅಷ್ಟರಲ್ಲಿ ಜಾಗ ಅಗೆದು, ಮೂರ್ನಾಲ್ಕು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿಡಿ. ನೀರು ನಿಲ್ಲಬಾರದು, ಅದೊಂದು ನೋಡಿಕೊಳ್ಳಿ. ಯೂರಿಯಾ ಬೇಡ, ಜಾಸ್ತಿಯಾದರೆ ಪೈರು ಸೊಕ್ಕಿ ಬೆಳೆದು ಬೀಳುತ್ತದೆ.

ನಾಟಿಗೆ ನನಗೆ ಇಷ್ಟವಾದ್ದು ಹಾವೇರಿ ಕಡೆಯ ರೈತರ ಗುಳಿ ರಾಗಿ ಪದ್ಧತಿ. ಅವರು ಒಂದೂವರೆ ಅಡಿಗೊಂದು ಗುಳಿ ಮಾಡಿ, ಗೊಬ್ಬರ ಹಾಕಿ, ಎರಡೇ ಪೈರು ನೆಡುತ್ತಾರೆ. ಆಮೇಲೆ ಎಳೆಯ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆಯುತ್ತಾರೆ. ಮೊದಲ ಸಲ ನೋಡಿದವರಿಗೆ ಬೆಳೆ ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ, ಆದರೆ ಹಾಗೆ ಬಾಗಿ ನಲುಗಿದ ಪೈರು ಬುಡದಿಂದ ಹೊಸ ತೆಂಡೆ (ಕವಲು) ಒಡೆಯುತ್ತದೆ, ಒಂದೊಂದು ತೆಂಡೆಗೂ ಒಂದು ತೆನೆ. ಹಿತ್ತಲಲ್ಲಿ ಒಂದಡಿ ಅಂತರ ಇಟ್ಟರೆ ನೂರು ಗುಳಿ ಆಗುತ್ತದೆ. ನಾಟಿಯಾಗಿ ಮೂರು ವಾರಕ್ಕೆ ಒಂದು ಮರದ ಪಟ್ಟಿಯಿಂದ ಪೈರನ್ನು ಒಂದು ಕಡೆಗೆ ಹಗುರಾಗಿ ಬಾಗಿಸಿ, ವಾರ ಬಿಟ್ಟು ಇನ್ನೊಂದು ಕಡೆಗೆ. ದಂಟು ಉದ್ದವಾಗಲು ಶುರುವಾದ ಮೇಲೆ ಮಾತ್ರ ಮುಟ್ಟಬೇಡಿ, ಆಗ ಮುರಿಯುತ್ತದೆ.

ಅಂಚಿನಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿಯ ಜೊತೆ ಹಾಕುವ ಬೇರೆ ಬೆಳೆಯ ಸಾಲು, ಮರೆಯಬೇಡಿ. ಬೇಲಿ ಪಕ್ಕ ನಾಲ್ಕು ಅವರೆ, ಒಂದು ಸಾಲು ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ಚಟ್ನಿಪುಡಿಗೆ ಆಗುವಷ್ಟು ಕಾಳೂ ಸಿಗುತ್ತದೆ. ನಡುವೆ ಮಾತ್ರ ಹಾಕಬೇಡಿ, ರಾಗಿಗೆ ನೆರಳಾಗುತ್ತದೆ.

ಮೊದಲ ಒಂದೂವರೆ ತಿಂಗಳು ಎರಡು ಸಲ ಕಳೆ ತೆಗೆಯಿರಿ. ಆಮೇಲೆ ಪೈರೇ ನೆಲ ಮುಚ್ಚುತ್ತದೆ. ಮಳೆ ಕೈಕೊಟ್ಟರೆ ಹೂ ಬಿಡುವಾಗ, ಕಾಳು ಕಟ್ಟುವಾಗ ನೀರು ತಪ್ಪಿಸಬೇಡಿ. ಎಲೆಯಲ್ಲಿ ನಡುವೆ ಅಗಲ, ಎರಡೂ ತುದಿ ಚೂಪಾದ ಮಚ್ಚೆ ಕಂಡು, ತೆನೆಯ ಕುತ್ತಿಗೆ ಕಪ್ಪಾದರೆ ಅದು ಬೆಂಕಿ ರೋಗ. ಆ ತೆನೆಯಲ್ಲಿ ಕಾಳು ಜೊಳ್ಳಾಗುತ್ತದೆ. ಗಾಳಿಯಾಡುವ ಹಾಗೆ ದೂರ ನೆಟ್ಟಿದ್ದರೆ ಇದರ ಕಾಟ ಕಡಿಮೆ.

ನವೆಂಬರ್ ಹೊತ್ತಿಗೆ ತೆನೆ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಒಟ್ಟಿಗೆ ಮಾಗುವುದಿಲ್ಲ, ತೆಂಡೆಯ ತೆನೆ ತಡ. ಹಲ್ಲಿನಲ್ಲಿ ಕಚ್ಚಿದರೆ ಕಾಳು ಕಟಕ್ ಅನ್ನಬೇಕು. ಕತ್ತರಿಯಲ್ಲಿ ಎರಡು ಸಲ ಕೊಯ್ದುಕೊಳ್ಳಿ. ನಾಲ್ಕೈದು ದಿನ ಬಿಸಿಲಲ್ಲಿ ಒಣಗಿಸಿ, ಗೋಣಿಚೀಲದೊಳಗೆ ಹಾಕಿ ಕೋಲಿನಿಂದ ಬಡಿದರೆ ಕಾಳು ಉದುರುತ್ತದೆ, ಒಂದು ಕಾಳೂ ಆಚೆ ಸಿಡಿಯುವುದಿಲ್ಲ. ಮೊರದಲ್ಲಿ ಕೇರಿ. ಮೊರ ಹಿಡಿದು ಅಭ್ಯಾಸ ಇಲ್ಲದವರು ಫ್ಯಾನಿನ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯಿರಿ. ಬಡಿಯುವ ಮುಂಚೆಯೇ ದಪ್ಪ ತೆನೆ ನಾಲ್ಕು ಆರಿಸಿ ಬೀಜಕ್ಕೆ ಎತ್ತಿಡಿ.

ಗಿರಣಿಗೆ ಹೋಗುವಾಗ ಒಂದು ವಿಷಯ. ಎರಡು ಕೆಜಿಯನ್ನು ಗೋಧಿ ಬೀಸಿದ ಮೇಲೆ ಹಾಕಿದರೆ ಗೋಧಿ ಹಿಟ್ಟು ಸೇರಿಕೊಳ್ಳುತ್ತದೆ. ಬೇರೆಯವರ ರಾಗಿ ಬೀಸುವ ತನಕ ಕಾದಿದ್ದು, ಅದರ ಹಿಂದೆಯೇ ನಿಮ್ಮದನ್ನು ಹಾಕಿಸಿ.