ಒದ್ದೆ ನೆಲಕ್ಕೆ ದನ ಬಿಡುವ ಮುನ್ನ

ಮಳೆ ನಿಂತ ಮರುದಿನವೇ ದನಗಳನ್ನು ಹೊಲಕ್ಕೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗೊರಸು ಒದ್ದೆ ಮಣ್ಣನ್ನು ತುಳಿದಾಗ ಗಾಳಿ, ನೀರು ಓಡಾಡುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಮುಂದಿನ ಮಳೆ ಇಂಗದೆ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹರಿಯುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ. ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಬೆರಳಿನಿಂದ ಒತ್ತಿ ನೋಡಿ. ಪುಡಿಯಾಗದೆ ಮೆತ್ತಗೆ ಅಂಟಿಕೊಂಡರೆ ಇನ್ನೂ ಕಾಯಬೇಕು. ಟ್ರ್ಯಾಕ್ಟರಿಗೂ ಇದೇ ಮಾತು.

ಹುಲ್ಲನ್ನು ಬುಡದವರೆಗೆ ಮೇಯಿಸಬೇಡಿ. ಸುಮಾರು 10 ಸೆಂಟಿಮೀಟರ್ ಉಳಿದಿರುವಾಗಲೇ ಮಂದೆಯನ್ನು ಬೇರೆಡೆಗೆ ಹೊಡೆಯಿರಿ.

ಹಸಿ ಸಗಣಿಯನ್ನು ನೇರವಾಗಿ ಬೆಳೆಗೆ ಸುರಿಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ: ಎಳೆಯ ಬೇರು ಸುಡುತ್ತದೆ, ಕಳೆಬೀಜ ಹರಡುತ್ತದೆ. ತಿಪ್ಪೆಯನ್ನು ಆಗಾಗ ತಿರುವಿ, ಅದರ ಬಿಸಿ ಆರಿ ಮಣ್ಣಿನ ವಾಸನೆ ಬಂದ ಮೇಲೆ ಹಾಕಿ.