ಎರಡು ಷೋ ನಡುವೆ ಮೈಸೂರು

ದಸರಾ ಚಲನಚಿತ್ರೋತ್ಸವಕ್ಕೆ ಬಂದವರಿಗೆ ಮೈಸೂರು ತುಂಡು ತುಂಡಾಗಿಯೇ ಸಿಗೋದು. ಬೆಳಗಿನ ಷೋಗೆ ಮುಂಚೆ ಮೂರು ಗಂಟೆ, ಮಧ್ಯಾಹ್ನ ಒಂದೂವರೆ, ಸಂಜೆ ಮುಕ್ಕಾಲು. ಹಾಗಾಗಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ನಾನು ಮಾಡುವುದೇ ಇಲ್ಲ. ವೇಳಾಪಟ್ಟಿಯ ಹಾಳೆಯಲ್ಲೇ ಎರಡು ಸಿನಿಮಾ ನಡುವಿನ ಬಿಡುವನ್ನು ನಿಮಿಷದಲ್ಲಿ ಬರೆದು, ಅದರಿಂದ ಮೂವತ್ತು ಕಳೆಯುತ್ತೇನೆ. ಸಿನಿಮಾ ಮುಗಿದ ಮೇಲಿನ ಸಂವಾದ ಎಳೆಯುತ್ತದೆ, ಮುಂದಿನದಕ್ಕೆ ಕಾಲು ಗಂಟೆ ಮೊದಲೇ ಸಾಲಲ್ಲಿ ನಿಲ್ಲಬೇಕಾಗುತ್ತದೆ. ಉಳಿದದ್ದು ಊರಿಗೆ.

ಹಿಂದಿನ ವರ್ಷಗಳಲ್ಲಿ ಪ್ರದರ್ಶನ ನಡೆದದ್ದು ಮಾಲ್ ಆಫ್ ಮೈಸೂರಿನ ಐನಾಕ್ಸ್, ಜಯಲಕ್ಷ್ಮೀಪುರದ ಡಿಆರ್‌ಸಿಯಂಥ ಕಡೆ. ಒಂದು ಊರಿನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಒಂದೇ ದಿನ ಅಲ್ಲೊಂದು ಇಲ್ಲೊಂದು ಸಿನಿಮಾ ಹಾಕಿಕೊಂಡರೆ ಆಟೊದಲ್ಲೇ ದಿನ ಮುಗಿಯುತ್ತದೆ. ದಸರಾ ಸಂಜೆ ಅರಮನೆ ಸುತ್ತ ಏಕಮುಖ ಸಂಚಾರ ಇರುವುದರಿಂದ ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆಯೂ ಹಿಡಿದೀತು. ಕತ್ತಲಾದ ಮೇಲೆ ಅರಮನೆಯ ಆಸುಪಾಸಿನಲ್ಲಿ ಕಾಲನ್ನೇ ನಂಬುವುದು ಒಳ್ಳೆಯದು.

ಬೆಳಗಿನ ಬಿಡುವು ಚಾಮುಂಡಿ ಬೆಟ್ಟಕ್ಕೆ. ಆರು ಗಂಟೆಗೆ ಪಾದದಲ್ಲಿರಬೇಕು. ಮೆಟ್ಟಿಲು ಸುಮಾರು ಸಾವಿರ. ಶುರುವಿನ ಭಾಗವೇ ಕಡಿದು, ಅಲ್ಲಿ ಜೋರು ಮಾಡಿದವರೇ ಅರ್ಧದಲ್ಲಿ ಕೂರುವುದು. ಎಲ್ಲೆಲ್ಲೂ ಅರಿಶಿನ, ಕುಂಕುಮ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತಾ ಹತ್ತುತ್ತಾರೆ, ಅವರಿಗೆ ಪಕ್ಕ ಬಿಟ್ಟು ಹೋಗಬೇಕು. ಹದಿನಾರು ಅಡಿ ಎತ್ತರದ ನಂದಿ ಮೂರರಲ್ಲಿ ಎರಡು ಪಾಲು ದಾರಿ ಮುಗಿದ ಮೇಲೆ. ಸಾಧಾರಣ ನಡಿಗೆಯವರಿಗೆ ತುದಿಗೆ ಒಂದು ಗಂಟೆ. ಇಳಿಯುವಾಗ ಮಾತ್ರ ಮೆಟ್ಟಿಲು ಬೇಡ. ಇಳಿದ ಕಾಲಿನಲ್ಲಿ ಹೋಗಿ ಎಸಿ ಹಾಲಿನಲ್ಲಿ ಎರಡೂವರೆ ಗಂಟೆ ಕೂತರೆ ಮೀನಖಂಡ ಮರಗಟ್ಟಿ, ಎದ್ದಾಗ ಕುಂಟುವ ಹಾಗಾಗುತ್ತದೆ. 201ನೇ ನಂಬರ್ ಬಸ್ಸು ನೇರ ಸಿಟಿ ಬಸ್ ಸ್ಟ್ಯಾಂಡಿಗೆ ಇಳಿಸುತ್ತದೆ. ಶಕ್ತಿ ಯೋಜನೆಯಲ್ಲಿ ಓಡಾಡುವ ಹೆಂಗಸರು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಉತ್ಸವದ ಪಾಸು ಕಂಡಕ್ಟರ್ ಕಣ್ಣಿಗೆ ಲೆಕ್ಕಕ್ಕಿಲ್ಲ. ಬೆಟ್ಟ ಬೇಡವೆನ್ನುವವರಿಗೆ, ಡಿಆರ್‌ಸಿ ಕಡೆ ಉಳಿದಿದ್ದರೆ, ಕುಕ್ಕರಹಳ್ಳಿ ಕೆರೆ ಏರಿ ಇದೆ.

ಒಂದೂವರೆ ಗಂಟೆಯ ಬಿಡುವಿಗೆ ದೇವರಾಜ ಮಾರುಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಒಳಹೊಕ್ಕು ಧನ್ವಂತರಿ ರಸ್ತೆಯ ಕಡೆಗೆ ನಡೆಯುವುದು ನನ್ನ ಕ್ರಮ. 2016ರಲ್ಲಿ ಆ ತುದಿಯ ಒಂದು ಭಾಗ ಕುಸಿದಿತ್ತು. ಕಟ್ಟಡ ಹಳೆಯದು, ಗೋಡೆಗೆ ಒರಗಿ ಫೋಟೊ ತೆಗೆಯುವ ಉಮೇದು ಬೇಡ. ಹೂವಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೊಳ ಎಂದರೆ ಮಾರುವವರ ಮೊಣಕೈಯಿಂದ ನಡುಬೆರಳ ತುದಿವರೆಗೆ. ಒಂದು ಕೈಯಲ್ಲಿ ಹೂವಿನ ತುದಿ ಹಿಡಿದು, ಇನ್ನೊಂದರಲ್ಲಿ ಮೊಣಕೈಗೆ ಎಳೆದು, ಒಂದು ಚೂರು ಸಡಿಲ ಬಿಟ್ಟರೆ ಧಾರಾಳಿ, ಬಿಗಿ ಹಿಡಿದರೆ ಲೆಕ್ಕದವರು. ಉದ್ದ ಕೈಯವರ ಹತ್ತಿರವೇ ಕೊಳ್ಳಿ! ಬಾಳೆಹಣ್ಣಿನ ಕಡೆ ರಸಬಾಳೆ ಅಂತ ಕೊಡುವುದೆಲ್ಲ ನಂಜನಗೂಡಿನದಲ್ಲ. ಸೊರಗು ರೋಗ ಬಿದ್ದು ಆ ಬೆಳೆಯೇ ಕಡಿಮೆಯಾಗಿದೆ.

ಅರಮನೆಯನ್ನು ಬಿಡುವಿನಲ್ಲಿ ತುರುಕಬಾರದು. ವರಾಹ ದ್ವಾರದ ಟಿಕೆಟ್ ಸಾಲು, ಚಪ್ಪಲಿ ಬಿಡುವ ಸಾಲು, ಒಳಗಿನ ನೂಕು ಸೇರಿ ಎರಡು ಗಂಟೆ ಬೇಕು. ಆಯುಧಪೂಜೆ, ವಿಜಯದಶಮಿಗೆ ಪ್ರವೇಶಕ್ಕೆ ನಿರ್ಬಂಧವಿರುತ್ತದೆ. ಅದಕ್ಕೊಂದು ಸಿನಿಮಾ ಬಿಡುವುದಾದರೆ ಅವೆರಡನ್ನು ಬಿಟ್ಟು ಬೇರೆ ದಿನ ಬಿಡಿ. ದೀಪಾಲಂಕಾರಕ್ಕೆ ಮಾತ್ರ ಮುಕ್ಕಾಲು ಗಂಟೆ ಸಾಕು. ಏಳಕ್ಕೆ ಹದಿನೈದು ನಿಮಿಷ ಮುಂಚೆಯೇ ಹೋಗಿ ನಿಂತರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಗಳಿಗೆ ಸಿಗುತ್ತದೆ. ಫೋನಿನಲ್ಲಿ ಗೋಪುರದ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಕ್ಕೆ ಎಳೆಯಿರಿ. ಇಲ್ಲದಿದ್ದರೆ ಬಲ್ಬಿನ ಸಾಲೆಲ್ಲ ಕರಗಿ ಹಳದಿ ಮುದ್ದೆ.

ಗೆಳೆಯರನ್ನು ಸೇರಲು ದೊಡ್ಡ ಗಡಿಯಾರ ಗೋಪುರ ಅನುಕೂಲ. 1927ರದು, ಅಂಕಿಗಳು ಕನ್ನಡದಲ್ಲಿವೆ. ಸಿನಿಮಾದವರು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೊ ಎಲ್ಲಿ ಅಂತ ಕೇಳುವುದುಂಟು. 1989ರಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ದುರಂತ ನಡೆದದ್ದು ಅಲ್ಲೇ; ಈಗ ಅಲ್ಲಿ ಸ್ಟುಡಿಯೊ ಇಲ್ಲ, ಆಟೊ ದುಡ್ಡು ದಂಡ.

ಹೊಟ್ಟೆಗೆ ನಜರ್‌ಬಾದಿನ ಮೈಲಾರಿ ದೋಸೆ. ಭಾನುವಾರ ಸಾಲು ಜಾಸ್ತಿ, ವಾರದ ದಿನ ಬೆಳಿಗ್ಗೆಯೇ ಮುಗಿಸಿ. ಗರಿಗರಿ ಇರುವುದಿಲ್ಲ, ಮೆತ್ತಗೆ, ಮೇಲೆ ಬೆಣ್ಣೆ. ಎರಡು ತಿಂದರೂ ಷೋನಲ್ಲಿ ತೂಕಡಿಕೆ ಬರದು. ಮೈಸೂರು ಪಾಕನ್ನು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸಿನಲ್ಲಿ ಕೊಳ್ಳುವವರು ಊರಿಗೆ ಹೊರಡುವ ದಿನವೇ ಕೊಳ್ಳಬೇಕು. ತುಪ್ಪ ಪೊಟ್ಟಣ ದಾಟಿ ಚೀಲದಲ್ಲಿರುವ ಉತ್ಸವದ ಪುಸ್ತಕಕ್ಕೆ ಇಳಿಯುತ್ತದೆ. ಸ್ಟೀಲ್ ಡಬ್ಬಿ ಒಂದನ್ನು ಮನೆಯಿಂದಲೇ ತನ್ನಿ.